14ನೇ ಶತಮಾನದ ಯುರೋಪಿನ ಉಡುಪು: ಅಳತೆಯಿಂದ ಗುಂಡಿಯವರೆಗೆ ಕೈಯಲ್ಲೇ ಹೊಲಿಯೋಣ

"ಮಧ್ಯಯುಗದ ಗೌನ್ ಹೊಲಿಯಬೇಕು. ಯಾವ ಲೇಸು ತರಲಿ, ಯಾವ ಜರಿ ಹಾಕಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ನಾಟಕ ತಂಡದವರು ಕೇಳುತ್ತಾರೆ. ಜರ್ಮನಿ, ಇಂಗ್ಲೆಂಡು, ಅಮೆರಿಕದಲ್ಲಿರುವ ಕನ್ನಡದವರೂ ಕೇಳುತ್ತಾರೆ. ಅಲ್ಲಿ ಬೇಸಿಗೆಯಲ್ಲಿ ಮಧ್ಯಯುಗದ ಜಾತ್ರೆಗಳು ನಡೆಯುತ್ತವಲ್ಲ, ಅದಕ್ಕೆ ಉಟ್ಟುಕೊಂಡು ಹೋಗಲು. ನನ್ನ ಉತ್ತರ ಒಂದೇ: ಎರಡೂ ಬೇಡ. ಲೇಸು ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ. ಆ ಕಾಲದ ಉಡುಪಿಗೆ ಆ ಕಾಲದ ಕಳೆ ಬರುವುದು ಬಟ್ಟೆಯಿಂದ ಮತ್ತು ಕತ್ತರಿಸುವ ಲೆಕ್ಕದಿಂದ. ಇವೆರಡು ಸರಿಯಿದ್ದರೆ ಒಂದು ಚೂರೂ ಅಲಂಕಾರ ಇಲ್ಲದ ಉಡುಪು ಕೂಡ ಹಳೆಯ ಚಿತ್ರದಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಇವೆರಡು ತಪ್ಪಿದರೆ ಎಷ್ಟೇ ಖರ್ಚು ಮಾಡಿದರೂ ಅದು ಫ್ಯಾನ್ಸಿ ಡ್ರೆಸ್ಸೇ.

ಇಲ್ಲಿ ಹೇಳಿಕೊಡುತ್ತಿರುವುದು ಹೆಂಗಸರ ಎರಡು ಉಡುಪು. ಒಂದು ಲಿನನ್ ಒಳಅಂಗಿ, ಇನ್ನೊಂದು ಅದರ ಮೇಲೆ ತೊಡುವ ಉಣ್ಣೆಯ ಉದ್ದ ಉಡುಪು. ಕಾಲ 14ನೇ ಶತಮಾನದ ಮೊದಲರ್ಧ, ಜಾಗ ಉತ್ತರ ಯುರೋಪು, ತೊಡುವವಳು ಸಾಧಾರಣ ಅನುಕೂಲಸ್ಥ ಮನೆಯವಳು. ಇದೇ ಲೆಕ್ಕದಲ್ಲಿ ಉದ್ದ ಮೊಣಕಾಲಿಗೆ ಇಳಿಸಿದರೆ ಗಂಡಸರ ಅಂಗಿಯೂ ಆಗುತ್ತದೆ.

ಹೊಲಿಗೆಗೆ ಮೊದಲು: ಕಾಲ, ಊರು, ಅಂತಸ್ತು

ಮಧ್ಯಯುಗ ಅಂದರೆ ಸುಮಾರು ಸಾವಿರ ವರ್ಷ. ಆ ಸಾವಿರ ವರ್ಷದಲ್ಲಿ ಉಡುಪು ಒಂದೇ ಥರ ಇರಲಿಲ್ಲ. ಅದರ ಮುಂದಿನ ರಿನೈಸಾನ್ಸ್, ಅಂದರೆ ಪುನರುಜ್ಜೀವನ ಕಾಲದ್ದಂತೂ ಬೇರೆಯೇ ವಿದ್ಯೆ. ಫ್ಲಾರೆನ್ಸಿನ ಡಚೆಸ್ ಎಲಿಯನೋರಾ 1562ರಲ್ಲಿ ತೀರಿಕೊಂಡಾಗ ಅವಳನ್ನು ಹೂತದ್ದು ಸ್ಯಾಟಿನ್ ಗೌನಿನಲ್ಲಿ. ಅದು ಈಗಲೂ ಉಳಿದಿದೆ. ಅದರಲ್ಲಿ ಮೇಲಿನ ರವಿಕೆ ಭಾಗ ಬೇರೆ, ಕೆಳಗಿನ ಲಂಗ ಬೇರೆ. ನಾವು ಹೊಲಿಯುವ 14ನೇ ಶತಮಾನದ ಉಡುಪಿನಲ್ಲಿ ಸೊಂಟದಲ್ಲಿ ಅಡ್ಡ ಹೊಲಿಗೆಯೇ ಇಲ್ಲ. ಭುಜದಿಂದ ಪಾದದವರೆಗೆ ಬಟ್ಟೆ ಒಂದೇ ಸಮನೆ ಇಳಿಯುತ್ತದೆ. ಇವೆರಡನ್ನು ಬೆರೆಸುವುದೇ ಜನ ಮಾಡುವ ಮೊದಲ ತಪ್ಪು. ಹಾಗಾಗಿ ಒಂದು ಹಾಳೆಯ ಮೇಲೆ ಮೂರು ವಿಷಯ ಬರೆದಿಟ್ಟುಕೊಳ್ಳಿ: ಯಾವ ಐವತ್ತು ವರ್ಷ, ಯಾವ ಸೀಮೆ, ಎಂಥ ಮನೆಯವರು. ಆಮೇಲೆ ಬರುವ ಎಲ್ಲ ಪ್ರಶ್ನೆಗೂ ಆ ಹಾಳೆಯೇ ಉತ್ತರ ಕೊಡುತ್ತದೆ.

ನಮಗೆ ಆಧಾರ ಏನು ಅಂತೀರಾ? ನಿಜವಾದ ಬಟ್ಟೆಗಳೇ ಇವೆ. ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯಲ್ಲಿ ಹೆರ್ಯೋಲ್ಫ್ಸ್‌ನೆಸ್ ಎಂಬ ಜಾಗವಿದೆ. ಅಲ್ಲಿ ಸ್ಕ್ಯಾಂಡಿನೇವಿಯಾ ಮೂಲದ ನಾರ್ಸ್ ಜನ ನೆಲೆಸಿದ್ದರು. ಸತ್ತವರನ್ನು ಎಷ್ಟೋ ಸಲ ಪೆಟ್ಟಿಗೆಯಿಲ್ಲದೆ, ಹಳೆಯ ಉಡುಪುಗಳಲ್ಲೇ ಸುತ್ತಿ ಹೂಳುತ್ತಿದ್ದರು. ನೆಲ ಹೆಪ್ಪುಗಟ್ಟಿದ್ದರಿಂದ ಉಣ್ಣೆ ಕೊಳೆಯಲಿಲ್ಲ. 1921ರಲ್ಲಿ ಪೌಲ್ ನೋರ್ಲುಂಡ್ ಎಂಬ ಡ್ಯಾನಿಶ್ ಸಂಶೋಧಕ ಅಗೆದಾಗ ಇಡೀ ಗೌನುಗಳು, ತಲೆಗೆ ಹಾಕುವ ಕುಲಾವಿಗಳು, ಕಾಲುಚೀಲಗಳು ಸಿಕ್ಕವು. ಈಗ ಅವುಗಳಲ್ಲಿ ಹೆಚ್ಚಿನವು ಕೋಪನ್‌ಹೇಗನ್ನಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿವೆ. ರಾಜರಾಣಿಯರದ್ದಲ್ಲ, ಕುರಿ ಸಾಕಿಕೊಂಡು ಬದುಕಿದ ಜನರ ದಿನನಿತ್ಯದ ಬಟ್ಟೆ. ಅದಕ್ಕೇ ನನಗೆ ಅವುಗಳ ಮೇಲೆ ಇಷ್ಟು ಪ್ರೀತಿ. ಸ್ವೀಡನ್ನಿನ ವಾರ್‌ಬೆರ್ಗ್ ಹತ್ತಿರದ ಜೌಗಿನಲ್ಲಿ 1936ರಲ್ಲಿ ಶವವಾಗಿ ಸಿಕ್ಕ, ಮಧ್ಯಯುಗದ ಬೋಕ್ಸ್‌ಸ್ಟೆನ್ ಮನುಷ್ಯನ ಉಡುಪು ಗಂಡಸರ ಅಂಗಿಗೆ ಒಳ್ಳೆಯ ಆಧಾರ. ಗುಂಡಿ, ಕಾಜಾ ವಿಷಯಕ್ಕೆ ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಅಗೆದು ತೆಗೆದ 14ನೇ ಶತಮಾನದ ಬಟ್ಟೆ ತುಂಡುಗಳಿವೆ.

ಒಂದು ಎಚ್ಚರಿಕೆ. ಮ್ಯೂಸಿಯಂ ಫೋಟೋಗಳಲ್ಲಿ ಈ ಬಟ್ಟೆಗಳೆಲ್ಲ ಕಂದು ಬಣ್ಣದಲ್ಲಿ ಕಾಣುತ್ತವೆ. ಆ ಕಾಲದ ಜನ ಮಣ್ಣಿನ ಬಣ್ಣದ್ದೇ ತೊಡುತ್ತಿದ್ದರು ಅಂದುಕೊಳ್ಳಬೇಡಿ. ಅದು ಐದಾರು ನೂರು ವರ್ಷ ಮಣ್ಣಲ್ಲಿದ್ದ ಬಣ್ಣ. ಹಸ್ತಪ್ರತಿಗಳ ಚಿತ್ರ ನೋಡಿ: ಕೆಂಪು, ನೀಲಿ, ಹಸಿರು, ಹಳದಿ ಎಲ್ಲ ಇವೆ.

ಬೇಕಾಗುವ ಸಾಮಾನು

ಒಳಅಂಗಿಗೆ ಲಿನನ್ 2.75 ಮೀಟರ್, 150 ಸೆಂ.ಮೀ. ಅಗಲದ್ದು. ಲಿನನ್ ಅಂದರೆ ಅಗಸೆ ಗಿಡದ ನಾರಿನಿಂದ ನೇಯ್ದ ಬಟ್ಟೆ. ಬಿಳಿ ಅಥವಾ ತಿಳಿ ಕೆನೆ ಬಣ್ಣ, ತೆಳು. ಹತ್ತಿ ಬೆರೆತದ್ದು ಅಂಗಡಿಯಲ್ಲಿ ಜಾಸ್ತಿ ಸಿಗುತ್ತದೆ, ಕೇಳಿ ತಗೊಳ್ಳಿ. "ಹತ್ತಿ ಆಗಲ್ವಾ?" ಎಂದು ತುಂಬ ಜನ ಕೇಳುತ್ತಾರೆ. ಹತ್ತಿ ಆಗ ಯುರೋಪಿಗೆ ಗೊತ್ತಿತ್ತು. ಇಟಲಿಯಲ್ಲಿ ಲಿನನ್ ಹಾಸು (ಉದ್ದದ ಎಳೆ), ಹತ್ತಿ ಹೊಕ್ಕು (ಅಡ್ಡ ಎಳೆ) ಹಾಕಿ ಬಟ್ಟೆ ನೇಯುತ್ತಿದ್ದರು. ಆದರೆ ಮೈಗೆ ತಾಗುವ ಅಂಗಿ ಲಿನನ್ನಿನದ್ದೇ. 1270ರಲ್ಲಿ ತೀರಿಕೊಂಡ ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಯದ್ದು ಎಂದು ನಂಬುವ ಒಂದು ಅಂಗಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಸಂಗ್ರಹದಲ್ಲಿ ಉಳಿದಿದೆ. ಅದೂ ಲಿನನ್.

ಮೇಲುಡುಪಿಗೆ ಶುದ್ಧ ಉಣ್ಣೆ ಬಟ್ಟೆ 3 ಮೀಟರ್, ಅಷ್ಟೇ ಅಗಲ. ಕೋಟಿನ ದಪ್ಪ ಬೇಡ. ಕೈಯಲ್ಲಿ ಹಿಡಿದರೆ ಮೆತ್ತಗೆ ಜೋಲುವಂಥದ್ದು ಬೇಕು. ಸಾದಾ ನೇಯ್ಗೆ ಅಥವಾ ಟ್ವಿಲ್, ಅಂದರೆ ಓರೆ ಗೆರೆ ಕಾಣುವ ನೇಯ್ಗೆ, ಎರಡೂ ಸರಿ. ಹೆರ್ಯೋಲ್ಫ್ಸ್‌ನೆಸ್‌ನವು ಬಹುಪಾಲು ಟ್ವಿಲ್. ನಮ್ಮ ಕುರುಬರ ಕಂಬಳಿ ಆಗುತ್ತಾ ಎಂದು ಕೇಳುವವರಿದ್ದಾರೆ. ಈ ಉಡುಪಿಗೆ ಆಗುವುದಿಲ್ಲ. ಅದರ ಉಣ್ಣೆ ಒರಟು, ಮಡಿಕೆ ಬೀಳುವುದಿಲ್ಲ. ಮೇಲೆ ಹೊದೆಯುವ ನಿಲುವಂಗಿ ಮಾಡಬೇಕೆಂದರೆ ಆಗ ನೋಡಬಹುದು.

ಉಣ್ಣೆ ಕೊಳ್ಳುವಾಗ ಮೋಸ ಹೋಗುವುದು ಸುಲಭ. ಒಂದು ಅಂಗಡಿಯಲ್ಲಿ "ಪ್ಯೂರ್ ವೂಲ್" ಎಂದು ನಾನು ತಂದ ನಾಲ್ಕು ಮೀಟರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್ ಇತ್ತು. ಅಂದಿನಿಂದ ನಾನು ಮೊದಲು ಒಂದು ಚೂರು ತುಂಡು ಕೇಳಿ ತಂದು ಸುಟ್ಟು ನೋಡುತ್ತೇನೆ. ಒಂದೆರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ಮುಟ್ಟಿಸಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಲಿನನ್ ಕಾಗದದ ಹಾಗೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಇದು ಬರೀ ನಿಖರತೆಯ ಮಾತಲ್ಲ. ಇಂಥ ಜಾತ್ರೆಗಳಲ್ಲಿ ಸೌದೆ ಒಲೆ ಉರಿಯುತ್ತಿರುತ್ತದೆ. ಕರಗುವ ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ. ಇದೊಂದರಲ್ಲಿ ರಾಜಿ ಬೇಡವೇ ಬೇಡ.

ಬಣ್ಣದ ಮಾತು ಚಿಕ್ಕದಾಗಿ ಹೇಳುತ್ತೇನೆ. ಆಗ ಕೆಂಪಿಗೆ ಮ್ಯಾಡರ್ ಬೇರು, ನೀಲಿಗೆ ವೋಡ್ ಎಲೆ, ಹಳದಿಗೆ ವೆಲ್ಡ್ ಗಿಡ. ಹಳದಿ ಮತ್ತು ನೀಲಿ ಎರಡರಲ್ಲೂ ಅದ್ದಿದರೆ ಹಸಿರು. ಮ್ಯಾಡರ್ ನಮ್ಮ ಮಂಜಿಷ್ಠದ ಹತ್ತಿರದ ನೆಂಟ. ವೋಡ್ ಕೊಡುವ ನೀಲಿಯೂ ನಮ್ಮ ನೀಲಿ ಗಿಡದ ನೀಲಿಯೂ ರಾಸಾಯನಿಕವಾಗಿ ಒಂದೇ. ಹಾಗಾಗಿ ಬಿಳಿ ಉಣ್ಣೆ ತಂದು ಪಟಿಕದ ನೀರಲ್ಲಿ ಕುದಿಸಿ, ಮಂಜಿಷ್ಠ ಹಾಕಿ ಮನೆಯಲ್ಲೇ ಬಣ್ಣ ಕಟ್ಟಬಹುದು. ಅಂಗಡಿಯ ಬಣ್ಣದ್ದೇ ತಗೊಳ್ಳುವುದಾದರೆ ಇಟ್ಟಿಗೆ ಕೆಂಪು, ಮಾಸಲು ನೀಲಿ, ಸಾಸಿವೆ ಹಳದಿ ನೋಡಿ. ಕಣ್ಣು ಕುಕ್ಕುವ ನೇರಳೆ, ಗುಲಾಬಿ ಬೇಡ. ಕೃತಕ ಬಣ್ಣಗಳು ಶುರುವಾದದ್ದೇ 1856ರಲ್ಲಿ.

ಇನ್ನು ಸಣ್ಣ ಸಾಮಾನು: ಲಿನನ್ ದಾರ, ಗುಂಡಿ ಕೆಲಸಕ್ಕೆ ರೇಷ್ಮೆ ದಾರ, ಒಂದು ಉಂಡೆ ಜೇನುಮೇಣ, ಸಣ್ಣ ಸೂಜಿಗಳು, ಗುಂಡುಪಿನ್ನು, ಚಾಕ್, ಹರಿತವಾದ ಕತ್ತರಿ, ಟೇಪು. ಲಿನನ್ ದಾರ ಸಿಗದಿದ್ದರೆ ಹತ್ತಿ ದಾರಕ್ಕೇ ಮೇಣ ಸವರಿ. ಕಾಣುವುದರಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ.

ಹಂತ 1: ಬಟ್ಟೆ ಒಗೆಯಿರಿ

ಕತ್ತರಿಸುವ ಮೊದಲೇ ಒಗೆಯಬೇಕು. ಲಿನನ್ನನ್ನು ಬಿಸಿ ನೀರಲ್ಲಿ ಎರಡು ಸಲ ಒಗೆದು, ಅರೆ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಉಣ್ಣೆಯನ್ನು ಬೆಚ್ಚಗಿನ ನೀರಲ್ಲಿ, ಸ್ವಲ್ಪ ಮೆತ್ತನೆಯ ಸೋಪು ಹಾಕಿ, ಕೈಯಲ್ಲಿ ಒತ್ತಿ ಒತ್ತಿ ತೊಳೆಯಿರಿ. ಉಣ್ಣೆಯ ಎಳೆಗಳು ಒಂದಕ್ಕೊಂದು ಸ್ವಲ್ಪ ಹೆಣೆದುಕೊಳ್ಳುತ್ತವೆ. ಆಗಿನ ಕಾಲದಲ್ಲಿ ಇದನ್ನೇ ದೊಡ್ಡ ಕೆಲಸವಾಗಿ, ಕಾಲಲ್ಲಿ ತುಳಿದು, ನೀರಿನ ಚಕ್ರಕ್ಕೆ ಕಟ್ಟಿದ ಒನಕೆಗಳಲ್ಲಿ ಬಡಿದು ಮಾಡುತ್ತಿದ್ದರು. ಹೀಗೆ ಬಿಗಿಯಾದ ಬಟ್ಟೆಯ ಅಂಚು ಬೇಗ ಎಳೆ ಬಿಡುವುದಿಲ್ಲ. ಆದರೆ ವಾಷಿಂಗ್ ಮಷೀನಿನ ಬಿಸಿ ನೀರಿಗೆ ಹಾಕಬೇಡಿ. ಮೂರು ಮೀಟರ್ ಹೋಗಿ ಎರಡು ಮೀಟರ್ ಕಂಬಳಿ ಕೈಗೆ ಬರುತ್ತದೆ.

ಹಂತ 2: ಅಳತೆ ಮತ್ತು ಲೆಕ್ಕ

ಈ ಉಡುಪಿಗೆ ಪ್ಯಾಟರ್ನ್ ಕಾಗದ ಬೇಡ. ಎಲ್ಲವೂ ಚೌಕ ಮತ್ತು ತ್ರಿಕೋನ. ಬಟ್ಟೆ ಆಗ ತುಂಬ ದುಬಾರಿ. ನೂಲುವುದು, ನೇಯುವುದು, ತುಳಿಯುವುದು ಎಲ್ಲ ಕೈಕಾಲಿನ ಕೆಲಸ. ಹಾಗಾಗಿ ಒಂದು ಅಂಗೈ ಬಟ್ಟೆಯೂ ವ್ಯರ್ಥ ಆಗದ ಹಾಗೆ ಕತ್ತರಿಸುತ್ತಿದ್ದರು. ನಮ್ಮ ಟೈಲರುಗಳು ಕಲಿ ಲಂಗಕ್ಕೆ, ಕಲಿ ಕುರ್ತಾಕ್ಕೆ ಮಾಡುವ ಲೆಕ್ಕವೂ ಇಂಥದ್ದೇ. ಘೇರಿಗೆ, ಅಂದರೆ ಕೆಳಗೆ ಸುತ್ತಳತೆ ಹೆಚ್ಚಿಸಲು, ಸೇರಿಸುವ ತ್ರಿಕೋನದ ತುಂಡಿಗೆ ಅವರು ಕಲಿ ಎನ್ನುತ್ತಾರೆ. ನಾನೂ ಅದೇ ಪದ ಬಳಸುತ್ತೇನೆ.

160 ಸೆಂ.ಮೀ. ಎತ್ತರ, 92 ಎದೆಸುತ್ತು ಇರುವವರ ಲೆಕ್ಕ ಕೊಡುತ್ತೇನೆ. ನಿಮ್ಮ ಅಳತೆ ಹಾಕಿಕೊಳ್ಳಿ. ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಬಿಡುವ ಬಟ್ಟೆ, ಎಲ್ಲ ಕಡೆ 1.5 ಸೆಂ.ಮೀ.

ಮೈ ತುಂಡಿನ ಅಗಲ: ಎದೆಸುತ್ತಿಗೆ 10 ಕೂಡಿಸಿ, ಎರಡರಿಂದ ಭಾಗಿಸಿ, ಮಾರ್ಜಿನ್‌ಗೆ 3 ಸೇರಿಸಿ. 92ಕ್ಕೆ 54 ಬರುತ್ತದೆ. ಉದ್ದ: ಭುಜದಿಂದ ಹಿಮ್ಮಡಿಗೆ ಸ್ವಲ್ಪ ಮೇಲಿನವರೆಗೆ 135, ಮಾರ್ಜಿನ್ ಮತ್ತು ಮಡಿಕೆಗೆ 5, ಒಟ್ಟು 140. ಇಂಥವು ಎರಡು, ಹಿಂದೆ ಒಂದು ಮುಂದೆ ಒಂದು.

ತೋಳಿನ ಅಗಲ: ತೋಳಿನ ದಪ್ಪ ಜಾಗದ ಸುತ್ತಳತೆ 29, ಸಡಿಲಕ್ಕೆ 10, ಮಾರ್ಜಿನ್ 3, ಒಟ್ಟು 42. ಉದ್ದಕ್ಕೆ ಮೊಣಕೈ ಮಡಚಿ ಅಳೆಯಿರಿ. ಕತ್ತಿನ ಹಿಂದಿನ ಮೂಳೆಯಿಂದ ಭುಜ, ಮೊಣಕೈ ದಾಟಿ ಮಣಿಕಟ್ಟಿನವರೆಗೆ. 78 ಬಂದರೆ ಅದರಲ್ಲಿ ಮೈ ತುಂಡಿನ ಅರ್ಧ ಅಗಲ 25 ಕಳೆದು, 4 ಸೇರಿಸಿ. 57. ಕೈ ನೇರ ಇಟ್ಟು ಅಳೆದರೆ ತೋಳು ಖಂಡಿತ ಗಿಡ್ಡ ಆಗುತ್ತದೆ. ಇದು ಎಲ್ಲರೂ ಮಾಡುವ ತಪ್ಪು.

ಕಲಿ: ಸೊಂಟಕ್ಕಿಂತ 5 ಸೆಂ.ಮೀ. ಮೇಲಿನಿಂದ ಅಂಚಿನವರೆಗೆ ಎಷ್ಟು ಉದ್ದವೋ ಅಷ್ಟಕ್ಕೆ 3 ಸೇರಿಸಿ. ಇಲ್ಲಿ 103. ಅಗಲ 32. ಇಂಥ ಆಯತ ನಾಲ್ಕು.

ಕಂಕುಳ ಚೌಕ: ಕೈ ಎತ್ತಿದಾಗ ಹೊಲಿಗೆ ಹರಿಯದಿರಲು ಕಂಕುಳಲ್ಲಿ ಹಾಕುವ ತುಂಡು. 15ಕ್ಕೆ 15, ಎರಡು.

150 ಅಗಲದ ಬಟ್ಟೆಯಲ್ಲಿ ಎರಡು ಮೈ ತುಂಡು ಪಕ್ಕಪಕ್ಕ ಇಟ್ಟರೆ 108 ಆಯಿತು. ಉಳಿದ 42 ಅಗಲದ ಪಟ್ಟಿಯಲ್ಲಿ ಎರಡೂ ತೋಳು ಒಂದರ ಕೆಳಗೊಂದು ಕೂರುತ್ತವೆ. ಅದರ ಕೆಳಗೆ ನಾಲ್ಕು ಆಯತ ಪಕ್ಕಪಕ್ಕ, 128. ಉಳಿದ ಪಟ್ಟಿಯಲ್ಲಿ ಚೌಕ, ಗುಂಡಿ. ಒಟ್ಟು 2.45 ಮೀಟರ್. ಮೊದಲ ಸಲ ಈ ಲೆಕ್ಕ ಕೂಡಿ ಬಂದಾಗ ಆಗುವ ಖುಷಿಯೇ ಬೇರೆ. ನಿಮ್ಮ ಅಳತೆ ದೊಡ್ಡದಾಗಿ ಬಟ್ಟೆ ಸಾಲದಿದ್ದರೆ ಹೆದರಬೇಡಿ, ತುಂಡು ಸೇರಿಸಿ. ಆಗಿನವರೂ ಹಾಗೇ ಮಾಡುತ್ತಿದ್ದರು.

ಹಂತ 3: ಕತ್ತರಿಸುವುದು

ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ಎಳೆ, ತಲೆಯಿಂದ ಕಾಲಿಗೆ ಬರುವ ಹಾಗೆ ಇಡಿ. ಮೈ ತುಂಡು ಮತ್ತು ತೋಳು ಸುಮ್ನೆ ನೇರ ಕತ್ತರಿಸಿ. ತೋಳನ್ನು ಕೆಳಗೆ ಮಣಿಕಟ್ಟಿನ ಕಡೆ ಎರಡೂ ಬದಿಯಿಂದ ಓರೆಯಾಗಿ ಕಿರಿದು ಮಾಡಿ. ಮಣಿಕಟ್ಟು 16 ಇದ್ದರೆ ಅಲ್ಲಿ 21 ಇರಲಿ. ಗುಂಡಿ ಹಾಕುವುದರಿಂದ ಕೈ ತೂರುತ್ತದೆ.

ಕಲಿ ಕತ್ತರಿಸುವಾಗ ಎಡವುವ ಜಾಗ ಎರಡಿವೆ, ಹುಷಾರು. ಆಯತವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ತುದಿಯಲ್ಲಿ ಮಾರ್ಜಿನ್ ಉಳಿಯುವುದಿಲ್ಲ. ಮೇಲೆ ಎಡ ಮೂಲೆಯಿಂದ 3 ಸೆಂ.ಮೀ. ಬಿಟ್ಟು, ಕೆಳಗೆ ಬಲ ಮೂಲೆಯಿಂದ 3 ಸೆಂ.ಮೀ. ಬಿಟ್ಟು ಗೆರೆ ಎಳೆಯಿರಿ. ಒಂದೊಂದು ಅರ್ಧ ಕಲಿಗೂ ಅಗಲದ ತುದಿ 29, ಕಿರಿದಾದ ತುದಿ 3 ಬರುತ್ತದೆ.

ಎರಡನೆಯದು ಇನ್ನೂ ಕಾಡುವಂಥದ್ದು. ಒಂದೇ ಆಯತದಿಂದ ಬಂದ ಎರಡು ಅರ್ಧಗಳು ಎಡ ಬಲ ಜೋಡಿಯಲ್ಲ. ಎರಡೂ ಒಂದೇ ಬದಿಯವು. ಲಿನನ್ನಿಗೆ ಸೀದಾ ಉಲ್ಟಾ ಎರಡೂ ಒಂದೇ, ತಿರುಗಿಸಿ ಇಟ್ಟರೆ ಆಯಿತು. ಉಣ್ಣೆಗೆ ಸೀದಾ ಬದಿ ಬೇರೆ ಇದ್ದರೆ ಜೋಡಿ ಕೂರುವುದೇ ಇಲ್ಲ. ಉಪಾಯ ಏನೆಂದರೆ, ಎರಡು ಆಯತಗಳನ್ನು ಸೀದಾ ಬದಿ ಒಳಗೆ ಬರುವ ಹಾಗೆ ಒಂದರ ಮೇಲೊಂದು ಇಟ್ಟು, ಎರಡನ್ನೂ ಒಟ್ಟಿಗೆ ಕತ್ತರಿಸುವುದು. ಆಗ ಎಡಕ್ಕೆ ಎರಡು, ಬಲಕ್ಕೆ ಎರಡು ಸಿಗುತ್ತವೆ. ಕತ್ತರಿಸಿದ ಕೂಡಲೇ ಪ್ರತಿ ತುಂಡಿನ ಉಲ್ಟಾ ಬದಿಗೆ ಚಾಕಿನಲ್ಲಿ ಗುರುತು ಹಾಕಿ.

ಕತ್ತು ಈಗ ಕತ್ತರಿಸಬೇಡಿ.

ಹಂತ 4: ಹೊಲಿಗೆ ಕೈ ಕೂರಿಸಿಕೊಳ್ಳಿ, ಒಳಅಂಗಿ ಮುಗಿಸಿ

ಹೊಲಿಗೆ ಮಷೀನು ಬಂದದ್ದು 19ನೇ ಶತಮಾನದಲ್ಲಿ. ಪೂರ್ತಿ ಕೈಯಲ್ಲಿ ಹೊಲಿಯಲು ಸಮಯವಿಲ್ಲ ಅನ್ನುವವರು ಒಳಗಿನ ಉದ್ದ ಹೊಲಿಗೆಗಳನ್ನು ಮಷೀನಿನಲ್ಲಿ ಹಾಕಿ, ಹೊರಗೆ ಕಾಣುವ ಕತ್ತು, ತೋಳಿನ ತುದಿ, ಅಂಚು, ಕಾಜಾಗಳನ್ನು ಕೈಯಲ್ಲಿ ಮಾಡಿ. ಆದರೆ ಒಳಅಂಗಿಯನ್ನಾದರೂ ಪೂರ್ತಿ ಕೈಯಲ್ಲಿ ಹೊಲಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಸಂಜೆ ಒಂದೊಂದು ಗಂಟೆ ಕೂತರೆ ಎರಡು ಮೂರು ವಾರ. ಮೊದಲ ಹೊಲಿಗೆಗೂ ಕೊನೆಯ ಹೊಲಿಗೆಗೂ ಇರುವ ವ್ಯತ್ಯಾಸ ನಿಮಗೇ ಕಾಣುತ್ತದೆ. ಯಾರಿಗೂ ಕಾಣದ ಬಟ್ಟೆಯ ಮೇಲೆ ಕೈ ಪಳಗಿದರೆ ದುಬಾರಿ ಉಣ್ಣೆಗೆ ಕೈ ಹಾಕಲು ಧೈರ್ಯ ಬರುತ್ತದೆ.

ದಾರ ಮೊಳಕ್ಕಿಂತ ಉದ್ದ ಬೇಡ. ಉದ್ದ ದಾರ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ತೂರಿ ತೂರಿ ಸವೆಯುತ್ತದೆ. ಮೇಣದ ಉಂಡೆಯ ಮೇಲೆ ಎರಡು ಸಲ ಎಳೆದು, ಬೆರಳಿನ ನಡುವೆ ಸವರಿ. ಹೊಲಿಗೆ ಮೂರು ಥರ ಸಾಕು. ಒಂದು, ಮೇಲೆ ಕೆಳಗೆ ಹೋಗುವ ಸಾದಾ ರನ್ನಿಂಗ್ ಹೊಲಿಗೆ. ಸೆಂಟಿಮೀಟರಿಗೆ ಮೂರು, ನಾಲ್ಕೈದು ಹೊಲಿಗೆಗೊಮ್ಮೆ ಒಂದು ಹೆಜ್ಜೆ ಹಿಂದೆ ಹೋಗಿ ಬಿಗಿ ಮಾಡುವುದು. ಎರಡು, ಪೂರ್ತಿ ಹಿಂದೆ ಹೋಗುತ್ತಾ ಬರುವ ಬ್ಯಾಕ್ ಸ್ಟಿಚ್, ಜಗ್ಗುವ ಜಾಗಕ್ಕೆ. ಮೂರು, ಸೀರೆ ಅಂಚಿಗೆ ಹಾಕುವಂಥ ಹೆಮ್ಮಿಂಗ್.

ಒಳಅಂಗಿಯ ಮೈ ಒಂದೇ ತುಂಡು: 56 ಅಗಲ, 226 ಉದ್ದ. ಅದನ್ನು ಭುಜದ ಹತ್ತಿರ ಮಡಚಿದರೆ ಭುಜದ ಹೊಲಿಗೆಯೇ ಬೇಡ. ತೋಳು 44ಕ್ಕೆ 50. ಕಲಿ ಎರಡು ಬದಿಗೆ ಮಾತ್ರ, 27ಕ್ಕೆ 70ರ ಎರಡು ಆಯತ. ಕಂಕುಳ ಚೌಕ 14. ಹೊಲಿಯುವ ಕ್ರಮ ಮುಂದೆ ಹೇಳುವ ಉಣ್ಣೆ ಉಡುಪಿನದ್ದೇ, ಮುಂದೆ ಹಿಂದೆ ಕಲಿ ಹಾಕುವ ಕೆಲಸವಿಲ್ಲ ಅಷ್ಟೇ. ಲಿನನ್ ಎಳೆ ಬಿಡುವ ಬಟ್ಟೆ. ಪ್ರತಿ ಹೊಲಿಗೆ ಆದ ಮೇಲೆ ಒಂದು ಬದಿಯ ಮಾರ್ಜಿನ್ ಅರ್ಧಕ್ಕೆ ಕತ್ತರಿಸಿ, ಉದ್ದದ್ದನ್ನು ಅದರ ಮೇಲೆ ಮಡಚಿ ಹೆಮ್ಮಿಂಗ್ ಹಾಕಿ ಚಪ್ಪಟೆ ಮಾಡಿ. ಹೀಗೆ ಮಾಡಿದ ಅಂಗಿಯನ್ನು ಎಷ್ಟು ಸಲ ಒಗೆದರೂ ಒಳಗಿಂದ ಬಿಚ್ಚುವುದಿಲ್ಲ.

ಹಂತ 5: ಮುಂದೆ ಹಿಂದೆ ಕಲಿ ಕೂರಿಸುವುದು

ಈಗ ಉಣ್ಣೆ. ಇಡೀ ಉಡುಪಿನಲ್ಲಿ ಕಷ್ಟದ ಜಾಗ ಇದೊಂದೇ, ಹಾಗಾಗಿ ಮೊದಲೇ ಮುಗಿಸೋಣ. ಚಪ್ಪಟೆ ಬಟ್ಟೆಯ ಮೇಲೆ ಇದು ಸುಲಭ. ಬದಿ ಹೊಲಿದ ಮೇಲೆ ಕಷ್ಟ.

ಮೊದಲು ಅರ್ಧ ಕಲಿಗಳನ್ನು ಜೋಡಿಸಿ. ಒಂದೊಂದು ಅರ್ಧಕ್ಕೂ ಒಂದು ನೇರ ಅಂಚು, ಒಂದು ಓರೆ ಅಂಚು ಇರುತ್ತದೆ. ನೇರವನ್ನು ನೇರಕ್ಕೆ ಸೇರಿಸಿ ಹೊಲಿಯಿರಿ. ಓರೆ ಅಂಚುಗಳು ಹೊರಗೆ ಬರಬೇಕು. ಯಾಕೆಂದರೆ ಓರೆ ಅಂಚು ರಬ್ಬರಿನ ಹಾಗೆ ಹಿಗ್ಗುತ್ತದೆ. ಅದನ್ನು ಮೈ ತುಂಡಿನ ನೇರ ಅಂಚಿಗೆ ಸೇರಿಸಿದರೆ ಆ ನೇರ ಅಂಚು ಅದನ್ನು ಹಿಡಿದು ನಿಲ್ಲಿಸುತ್ತದೆ. ಓರೆಗೆ ಓರೆ ಸೇರಿಸಿದರೆ ಹೊಲಿಗೆ ಹಾವಿನ ಹಾಗೆ ಅಂಕುಡೊಂಕಾಗುತ್ತದೆ.

ಮುಂದಿನ ಮೈ ತುಂಡಿನ ನಡುವೆ, ಅಂಚಿನಿಂದ ಮೇಲಕ್ಕೆ, ಒಂದೇ ಎಳೆಯ ಗುಂಟ ಸೀಳಿ. ಸೊಂಟಕ್ಕಿಂತ 5 ಸೆಂ.ಮೀ. ಮೇಲೆ ನಿಲ್ಲಿಸಿ. ಸೀಳಿನ ಎರಡೂ ಅಂಚನ್ನು ಒಳಕ್ಕೆ ಮಡಚಿ. ಕೆಳಗೆ 1.5 ಸೆಂ.ಮೀ. ಇದ್ದದ್ದು ಮೇಲೆ ಹೋಗುತ್ತಾ ಕಡಿಮೆಯಾಗಿ ತುದಿಯಲ್ಲಿ ಎರಡು ಮೂರು ಎಳೆಯಷ್ಟೇ ಉಳಿಯಬೇಕು. ಇಸ್ತ್ರಿ ಹಾಕಿ. ಬಟ್ಟೆಯ ಸೀದಾ ಬದಿ ಮೇಲೆ ಮಾಡಿ ಮೇಜಿನ ಮೇಲೆ ಹರಡಿ, ಸೀಳಿನ ಕೆಳಗೆ ಕಲಿಯನ್ನು ಇಡಿ. ಕಲಿಯ ತುದಿ ಸೀಳಿನ ತುದಿಗಿಂತ 1.5 ಸೆಂ.ಮೀ. ಮೇಲೆ ಹೋಗಿರಲಿ. ಪಿನ್ನು ಚುಚ್ಚಿ, ಕಚ್ಚಾ ಹೊಲಿಗೆ ಹಾಕಿ.

ಈಗ ತುದಿಯಿಂದ ಶುರು ಮಾಡಿ, ಕೆಳಗಿನಿಂದ ಅಲ್ಲ. ಸೂಜಿಯನ್ನು ಒಳಗಿಂದ ತುದಿಯಲ್ಲಿ ಮೇಲೆ ತನ್ನಿ. ಅಲ್ಲೇ ಮೂರು ಸಣ್ಣ ಹೊಲಿಗೆ, ಒಂದರ ಪಕ್ಕ ಒಂದು, ಅಂಟಿಕೊಂಡ ಹಾಗೆ. ಇವು ಸೀಳು ಮುಂದೆ ಹರಿಯದಂತೆ ಬೀಗ ಹಾಕುತ್ತವೆ. ಆಮೇಲೆ ಒಂದು ಬದಿಗೆ ಇಳಿಯಿರಿ. ಮಡಿಕೆಯ ಅಂಚಿನ ಒಂದೆರಡು ಎಳೆಯನ್ನಷ್ಟೇ ಸೂಜಿಗೆ ತಗೊಂಡು, ಕಲಿಯೊಳಗೆ ಇಳಿದು, 3 ಮಿ.ಮೀ. ಮುಂದೆ ಮೇಲೆ ಬನ್ನಿ. ಮೊದಲ ಐದು ಸೆಂಟಿಮೀಟರ್ ಇಷ್ಟು ಒತ್ತಾಗಿ, ಆಮೇಲೆ ಸ್ವಲ್ಪ ದೂರ. ಉಣ್ಣೆಯಲ್ಲಿ ದಾರ ಹೂತುಹೋಗಿ ಹೊಲಿಗೆ ಕಣ್ಣಿಗೆ ಬೀಳುವುದೇ ಇಲ್ಲ. ಕೆಳಗೆ ತಲುಪಿದ ಮೇಲೆ ಮತ್ತೆ ತುದಿಗೆ ಬಂದು ಇನ್ನೊಂದು ಬದಿ.

ತುದಿಯಲ್ಲಿ ಬಟ್ಟೆ ಗುಬ್ಬಿ ಮೂತಿಯ ಹಾಗೆ ಉಬ್ಬಿದರೆ ಎಲ್ಲ ಬಿಚ್ಚಬೇಡಿ. ಮೇಲಿನ ಐದು ಸೆಂಟಿಮೀಟರ್ ಮಾತ್ರ ಬಿಚ್ಚಿ, ಕಲಿಯನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ಎಳೆದು ಮತ್ತೆ ಹೊಲಿಯಿರಿ. ಹಸಿ ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಉಣ್ಣೆ ಎಷ್ಟೋ ತಪ್ಪನ್ನು ನುಂಗಿಕೊಳ್ಳುತ್ತದೆ. ಹಿಂದಿನ ತುಂಡಿಗೂ ಹೀಗೇ.

ಹಂತ 6: ಭುಜ, ತೋಳು, ಬದಿ

ಕ್ರಮ ಮುಖ್ಯ. ಮೊದಲು ಎರಡೂ ಭುಜದ ಹೊಲಿಗೆ, ನಡುವೆ 22 ಸೆಂ.ಮೀ. ಬಿಟ್ಟು, ಬ್ಯಾಕ್ ಸ್ಟಿಚ್‌ನಲ್ಲಿ. ಆಮೇಲೆ ತೋಳಿನ ನಡುವನ್ನು ಭುಜದ ಹೊಲಿಗೆಗೆ ಸರಿ ಹೊಂದಿಸಿ, ತೋಳನ್ನು ಮೈಗೆ ನೇರವಾಗಿ ಸೇರಿಸಿ. ಎರಡೂ ಕಡೆ 1.5 ಸೆಂ.ಮೀ. ಮೊದಲೇ ನಿಲ್ಲಿಸಿ. ಅಲ್ಲಿ ಚೌಕ ಬರಬೇಕು. ಚೌಕದ ಒಂದು ಅಂಚು ತೋಳಿಗೆ, ಪಕ್ಕದ್ದು ಮೈಗೆ. ಮೂಲೆಗಳಲ್ಲಿ ಮಾರ್ಜಿನ್ ಹೊಲಿಗೆಯೊಳಗೆ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಬಟ್ಟೆ ಸುಕ್ಕಾಗುವುದು ಅದರಿಂದಲೇ. ಎರಡೂ ಕಡೆಯ ಚೌಕ ಆದ ಮೇಲೆ ಬದಿಯ ಕಲಿಗಳನ್ನು ಮೈ ತುಂಡುಗಳಿಗೆ ಸೇರಿಸಿ. ಕೊನೆಗೆ ತೋಳಿನ ಕೆಳಗಿನ ಹೊಲಿಗೆ, ಮತ್ತು ಚೌಕದಿಂದ ಕಲಿಯ ತುದಿಯವರೆಗಿನ ಬದಿ. ತೋಳಿನ ಹೊಲಿಗೆಯನ್ನು ಮಣಿಕಟ್ಟಿನಿಂದ 15 ಸೆಂ.ಮೀ. ತೆರೆದೇ ಬಿಡಿ.

ಹೆರ್ಯೋಲ್ಫ್ಸ್‌ನೆಸ್‌ನ ಗೌನುಗಳಲ್ಲಿ ಕಂಕುಳಿಗೆ ದುಂಡಾಗಿ ಕತ್ತರಿಸಿ ತೋಳು ಕೂರಿಸಿದ್ದಾರೆ. ಬದಿಯ ತುಂಡುಗಳು ಕಂಕುಳವರೆಗೆ ಏರುತ್ತವೆ. ಅದರ ಸೊಗಸೇ ಬೇರೆ. ನಿಮ್ಮ ಎರಡನೇ ಉಡುಪಿಗೆ ಅದನ್ನು ಪ್ರಯತ್ನಿಸಿ. ಮೊದಲನೆಯದಕ್ಕೆ ಚೌಕವೇ ಸಾಕು.

ಹಂತ 7: ಕತ್ತು

ನಾನು ನೋಡಿದ ಉಡುಪುಗಳಲ್ಲಿ ಹೆಚ್ಚಿನ ತಪ್ಪು ಇಲ್ಲೇ. ಕತ್ತು ಸದಾ ದೊಡ್ಡದಾಗುತ್ತದೆ. ಭುಜದ ನಡುವೆ ಬಿಟ್ಟ 22 ಸೆಂಟಿಮೀಟರಿನಲ್ಲಿ ಮುಂದೆ 8, ಹಿಂದೆ 2 ಆಳದ ಅಂಡಾಕಾರ ಗುರುತು ಹಾಕಿ, ಅದಕ್ಕಿಂತ 1 ಸೆಂ.ಮೀ. ಒಳಗೇ ಕತ್ತರಿಸಿ. ತಲೆಗೆ ಹಾಕಿ ನೋಡಿ. ತೂರದಿದ್ದರೆ ಅರ್ಧರ್ಧ ಸೆಂಟಿಮೀಟರ್ ಕತ್ತರಿಸುತ್ತಾ ಬನ್ನಿ. ಮಡಚಿ ಹೊಲಿದ ಮೇಲೆ ಅದು ಇನ್ನೂ ಅಗಲವಾಗುತ್ತದೆ ಎನ್ನುವುದು ನೆನಪಿರಲಿ. ತಲೆ ತೂರಿದ ತಕ್ಷಣ ನಿಲ್ಲಿಸಿ. ದುಂಡು ಅಂಚನ್ನು ಜಗ್ಗದೆ, ಒಳಗಡೆ ತೆಳು ಲಿನನ್ ಅಥವಾ ರೇಷ್ಮೆಯ ಕಿರಿದಾದ ಪಟ್ಟಿ ಇಟ್ಟು ಹೆಮ್ಮಿಂಗ್ ಮಾಡಿ. ಒಳಅಂಗಿಯ ಕತ್ತು ಇದಕ್ಕಿಂತ ಅರ್ಧ ಸೆಂಟಿಮೀಟರ್ ದೊಡ್ಡದಿದ್ದರೆ ಹೊರಗೆ ಇಣುಕುವುದಿಲ್ಲ.

ಹಂತ 8: ಬಟ್ಟೆ ಗುಂಡಿ

ತೋಳಿಗೆ ಆರಾರು ಗುಂಡಿ. ಪ್ಲಾಸ್ಟಿಕ್ ಬೇಡ, ತೆಂಗಿನ ಚಿಪ್ಪಿನದೂ ಬೇಡ. ಲಂಡನ್ನಿನಲ್ಲಿ ಸಿಕ್ಕವುಗಳ ಹಾಗೆ ಬಟ್ಟೆಯವೇ ಮಾಡೋಣ. ಉಳಿದ ಉಣ್ಣೆಯಲ್ಲಿ 3 ಸೆಂ.ಮೀ. ಅಗಲದ ದುಂಡು ಚೂರು ಕತ್ತರಿಸಿ. ಅಂಚಿನಿಂದ 3 ಮಿ.ಮೀ. ಒಳಗೆ ಸುತ್ತಲೂ ರನ್ನಿಂಗ್ ಹೊಲಿಗೆ ಹಾಕಿ ಎಳೆಯಿರಿ. ಚೀಲದ ಬಾಯಿ ಕಟ್ಟಿದ ಹಾಗೆ ಆಗುತ್ತದೆ. ಸೂಜಿಯ ಹಿಂಭಾಗದಿಂದ ಅಂಚನ್ನೆಲ್ಲ ಒಳಗೆ ತುರುಕಿ, ಮತ್ತೆ ಎಳೆಯಿರಿ. ಎದುರುಬದುರು ಐದಾರು ಹೊಲಿಗೆ ಹಾಕಿ, ಪ್ರತಿ ಸಲ ಬಿಗಿಯಾಗಿ ಜಗ್ಗಿ. ಕೊನೆಗೆ ಬೆರಳಿನ ನಡುವೆ ಹುಣಸೆ ಬೀಜದಷ್ಟು ಗಟ್ಟಿ ಉಂಡೆ ಸಿಗಬೇಕು. ಮೆತ್ತಗಿದ್ದರೆ ಕಾಜಾದಿಂದ ಜಾರುತ್ತದೆ.

ಗುಂಡಿಯನ್ನು ಬಟ್ಟೆಯ ತೀರಾ ಅಂಚಿನಲ್ಲೇ, ಅಂಚಿಗೆ ನಿಂತ ಹಾಗೆ ಹೊಲಿಯಬೇಕು. ಈಗಿನ ಶರ್ಟಿನ ಹಾಗೆ ಒಳಗೆ ಅಲ್ಲ. ಈ ಒಂದು ವಿವರದಿಂದಲೇ ನೋಡುವವರಿಗೆ ವ್ಯತ್ಯಾಸ ಹೊಳೆಯುತ್ತದೆ. ಕಾಜಾ ಬದಿಗೆ ಒಳಗೆ ರೇಷ್ಮೆ ಪಟ್ಟಿ ಹೊಲಿದು, ಅಂಚಿಗೆ ಲಂಬವಾಗಿ ಸೀಳಿ, ರೇಷ್ಮೆ ದಾರದಲ್ಲಿ ಒತ್ತಾಗಿ ಕಾಜಾ ಹೊಲಿಗೆ ಹಾಕಿ. ಮೊದಲು ಚೂರು ಬಟ್ಟೆಯ ಮೇಲೆ ನಾಲ್ಕು ಕಾಜಾ ಮಾಡಿ ಅಭ್ಯಾಸ ಮಾಡಿಕೊಳ್ಳಿ.

ಹಂತ 9: ತೂಗುಹಾಕಿ, ಆಮೇಲೆ ಅಂಚು

ಅಂಚು ಹೊಲಿಯುವ ಆತುರ ಬೇಡ. ಓರೆ ಅಂಚು ನೇರ ಅಂಚಿಗಿಂತ ಉದ್ದ ಇರುತ್ತದೆ. ಜೊತೆಗೆ ಭಾರಕ್ಕೆ ಇನ್ನೂ ಇಳಿಯುತ್ತದೆ. ಎರಡು ರಾತ್ರಿ ಹ್ಯಾಂಗರಿಗೆ ತೂಗುಹಾಕಿ. ಆಮೇಲೆ ಒಳಅಂಗಿಯ ಮೇಲೆ ತೊಟ್ಟುಕೊಂಡು, ಸೊಂಟಕ್ಕೆ ಬೆಲ್ಟ್ ಕಟ್ಟಿ ನಿಂತುಕೊಳ್ಳಿ. ಇನ್ನೊಬ್ಬರು ನೆಲದಿಂದ ಒಂದೇ ಎತ್ತರಕ್ಕೆ ಸುತ್ತಲೂ ಚಾಕಿನಲ್ಲಿ ಗುರುತು ಹಾಕಲಿ. ಕಲಿ ಇರುವ ಕಡೆ ಮೂರು ನಾಲ್ಕು ಸೆಂಟಿಮೀಟರ್ ಕತ್ತರಿಸಿ ಹೋಗುತ್ತದೆ. ಹೋಗಲಿ. ಒಂದೂವರೆ ಸೆಂಟಿಮೀಟರ್ ಮಡಚಿ ಹೆಮ್ಮಿಂಗ್ ಮಾಡಿ. ಸುತ್ತಳತೆ ಹತ್ತಿರ ಹತ್ತಿರ 3 ಮೀಟರ್ ಇರುತ್ತದೆ. ಒಂದು ಭಾನುವಾರದ ಕೆಲಸ.

ತೊಡುವಾಗ, ಇಡುವಾಗ

ಮೈಗೆ ತಾಗುವುದು ಲಿನನ್, ಆದ್ದರಿಂದ ಪದೇ ಪದೇ ಒಗೆಯಬೇಕಾದ್ದು ಅದನ್ನು. ಉಣ್ಣೆ ಉಡುಪನ್ನು ಗಾಳಿಗೆ ಹರವಿ, ಬ್ರಶ್ಶಿನಲ್ಲಿ ಕೊಡವಿದರೆ ಸಾಕು. ವರ್ಷಕ್ಕೊಮ್ಮೆ ತಣ್ಣೀರಲ್ಲಿ ಜಾಲಾಡಿ, ನೆರಳಲ್ಲಿ ಚಪ್ಪಟೆ ಹರಡಿ ಒಣಗಿಸಿ. ಕೈಗಡಿಯಾರ, ನೇಲ್ ಪಾಲಿಶ್ ತೆಗೆದಿಡಿ. ಮದುವೆಯಾದ ಹೆಂಗಸಿನ ವೇಷವಾದರೆ ತಲೆಗೆ ಬಿಳಿ ಲಿನನ್ ಬಟ್ಟೆ ಸುತ್ತಿಕೊಳ್ಳಿ, ಕೂದಲು ಬಿಟ್ಟುಕೊಂಡು ಹೋಗಬೇಡಿ. ಬೆಲ್ಟು ತೆಳ್ಳಗೆ, ತೊಗಲಿನದ್ದು ಅಥವಾ ನೇಯ್ದ ಪಟ್ಟಿಯದ್ದು.

ಮಳೆಗಾಲದಲ್ಲಿ ನಮ್ಮ ಕಡೆ ಉಣ್ಣೆಗೆ ನುಸಿ ಹಿಡಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ತೇವಕ್ಕೆ ಬೂಷ್ಟು ಬರುತ್ತದೆ. ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಮಡಿಕೆಗಳ ನಡುವೆ ಒಣಗಿದ ಬೇವಿನ ಎಲೆ ಇಡಿ. ತಿಂಗಳಿಗೊಮ್ಮೆ ತೆಗೆದು ಬಿಸಿಲು ಕಾಣಿಸಿ, ಮಡಿಕೆ ಬದಲಿಸಿ ಮತ್ತೆ ಇಡಿ.